ಗುಂಡಿ ತೋಡಿದವರು ಯಾರು, ನಾನು ಬೈಯೋದು ಯಾರಿಗೆ?

ಇವತ್ತು ಬೆಳಿಗ್ಗೆ ಆರೂವರೆಗೆ ಹಾಲು ಹಾಕೋ ಹುಡುಗ ನಮ್ಮ ಬೀದಿ ತಿರುವಿನ ಗುಂಡಿಗೆ ಸ್ಕೂಟರ್ ಸಮೇತ ಬಿದ್ದ. ಮೊಣಕೈ ತರಚಿತು, ಬೇರೇನೂ ಆಗಲಿಲ್ಲ. ಹನ್ನೆರಡು ಪ್ಯಾಕೆಟ್ ಹಾಲು ಮಾತ್ರ ಮಣ್ಣುಪಾಲು. ಬೀದಿನಾಯಿಗಳಿಗೆ ಹಬ್ಬ. ನಾನು ಅರಿಶಿನದ ಡಬ್ಬಿ ಹಿಡಿದು ಓಡಿಹೋದರೆ ಅವನು ಕೂತಲ್ಲೇ ತಲೆ ಎತ್ತಿ, "ಆಂಟಿ, ನಿಮ್ಮ ಬೆಳಗಿನ ಕಾಫಿಗೆ ಏನು ಮಾಡ್ತೀರಾ?" ಅಂದ. ಮೈಸೂರಿನ ಹುಡುಗ ನೋಡಿ.

ಈ ಗುಂಡಿಯ ಕಥೆ ಕೇಳಿ. ದಸರಾಕ್ಕೆ ಮುಂಚೆ ಒಂದು ಮಧ್ಯಾಹ್ನ ಮೂರು ಜನ ಮಷೀನ್ ತಂದು ರಸ್ತೆ ಅಗೆದರು. ನಾನು ಗೇಟಿನ ಹತ್ತಿರ ನಿಂತು ಏನಪ್ಪ ಇದು ಅಂತ ಕೇಳಿದೆ. "ಲೈನ್ ಮೇಡಂ" ಅಂದರು. ಯಾವ ಲೈನ್? "ಲೈನ್ ಮೇಡಂ." ಸಂಜೆ ಅರ್ಧ ಮಣ್ಣು ಮುಚ್ಚಿ ಹೋದರು. ಎರಡು ಮಳೆಗೆ ಮಣ್ಣು ಕುಸಿದು ಕೂತಿತು. ಆಮೇಲೆ ನಾನು ನಾಲ್ಕು ಕಡೆ ಫೋನ್ ಮಾಡಿದೆ. ಒಬ್ಬರು ಅದು ನೀರಿನವರದ್ದು ಅಂದರು. ಅಲ್ಲಿ ಕೇಳಿದರೆ ಕೇಬಲ್‌ನವರದ್ದು ಅಂದರು. ಮೂರನೆಯವರು ಗ್ಯಾಸ್ ಪೈಪ್ ಇರಬಹುದು ಅಂದರು. ನಾಲ್ಕನೆಯವರು ಬಹಳ ವಿನಯದಿಂದ, "ನಿಮ್ಮ ಬೀದಿ ಯಾವ ಕಡೆಗೆ ಬರುತ್ತೆ ಮೇಡಂ?" ಅಂತ ನನ್ನನ್ನೇ ಕೇಳಿದರು. ಇಪ್ಪತ್ತು ವರ್ಷದಿಂದ ಇದ್ದಲ್ಲೇ ಇದೆ ಅಂದೆ.

ಇವತ್ತಿನ ವಿಷಯ ಅದಲ್ಲ. ಹುಡುಗ ಬಿದ್ದ ಮೇಲೆ ಬೀದಿಯವರೆಲ್ಲ ಸೇರಿದರು. ಮಂಕಿ ಕ್ಯಾಪ್ ಹಾಕಿದ ಹಿರಿಯರೊಬ್ಬರು, "ಸೀದಾ ಮೇಯರ್‌ಗೇ ಒಂದು ಅರ್ಜಿ ಬರೆದುಬಿಡೋಣ" ಅಂದರು. ಎಲ್ಲರೂ ಹೌದು ಹೌದು ಅಂದರು. ಸರಿ, ಈಗ ಮೇಯರ್ ಯಾರು ಅಂತ ನಾನು ಕೇಳಿದೆ. ಎಂಟು ಜನ ಇದ್ದೆವು. ಒಬ್ಬರು ಹಳೇ ಮೇಯರ್ ಹೆಸರು ಹೇಳಿದರು. ಇನ್ನೊಬ್ಬರು ಜಿಲ್ಲಾಧಿಕಾರಿ ಹೆಸರು ಹೇಳಿದರು. ಮಿಕ್ಕವರು ಮೊಬೈಲ್ ತೆಗೆದರು. ಮೊಣಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತಾ ಕೂತಿದ್ದ ಹುಡುಗನೇ ಕೊನೆಗೆ ಹೇಳಿದ್ದು: "ಮೇಯರ್ ಇಲ್ಲ ಆಂಟಿ. ಎರಡು ದಸರಾದಿಂದ ಕುದುರೆ ಮೇಲೆ ಯಾರೂ ಬಂದಿಲ್ಲವಲ್ಲ."

ನೋಡಿ, ನಮ್ಮೂರಿನವರಿಗೆ ಮೇಯರ್ ಇದ್ದಾರೋ ಇಲ್ಲವೋ ಅಂತ ಗೊತ್ತಾಗೋದು ಕುದುರೆಯಿಂದ. ಜಂಬೂ ಸವಾರಿಯಲ್ಲಿ ಮೈಸೂರು ಮೇಯರ್ ಕುದುರೆ ಏರಿ ಬರೋದು ವಾಡಿಕೆ. ದಸರಾ ಹತ್ತಿರ ಬಂದರೆ ಮೇಯರ್ ಕುದುರೆ ಸವಾರಿ ಕಲಿಯೋ ಫೋಟೋ ಪೇಪರ್‌ನಲ್ಲಿ ಬರುತ್ತಿತ್ತು. ಪಾಪ, ಪಕ್ಕದಲ್ಲಿ ಲಗಾಮು ಹಿಡಿದ ಪೊಲೀಸಿನವರು, ಮೇಲೆ ಜೀವ ಕೈಯಲ್ಲಿ ಹಿಡಿದ ನಮ್ಮ ಪ್ರಥಮ ಪ್ರಜೆ. ಮೇಯರ್ ಹುದ್ದೆಯ ಅವಧಿ ಒಂದು ವರ್ಷ. ಕುದುರೆ ಮೇಲೆ ಬ್ಯಾಲೆನ್ಸ್ ಸಿಗೋ ಹೊತ್ತಿಗೆ ಇಳಿಯೋ ಸಮಯ ಬಂದಿರುತ್ತದೆ. ಹೋದ ಪಾಲಿಕೆ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಇಲ್ಲ, ಮೇಯರ್ ಇಲ್ಲ, ಕುದುರೆಗೂ ರಜೆ.

ನಿಮಗೆಲ್ಲ ಗೊತ್ತಲ್ಲ, ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿದವಳು ನಾನು. "ಸ್ಥಳೀಯ ಸಂಸ್ಥೆಗಳು ಪ್ರಜಾಪ್ರಭುತ್ವದ ಬುನಾದಿ", ಎರಡು ಅಂಕ. ಒಂದು ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಂಎಲ್‌ಎನ ನಾವು ಆರಿಸ್ತೀವಿ, ಎಂಪಿನ ನಾವು ಆರಿಸ್ತೀವಿ, ಮೇಯರ್‌ನ ಯಾಕೆ ಆರಿಸಲ್ಲ?" ಅಂತ ಕೇಳಿದಳು. ನಾನು ಏನು ಹೇಳಿದೆ ಗೊತ್ತಾ? "ಪರೀಕ್ಷೆಗೆ ಬರಲ್ಲ, ಕೂತ್ಕೋ." ಈಗ ಎಲ್ಲಿದ್ದಾಳೋ. ಈ ಪೋಸ್ಟ್ ಅವಳಿಗೆ ನನ್ನ ತಡವಾದ ಉತ್ತರ ಅಂತ ಇಟ್ಟುಕೊಳ್ಳಿ.

ಆರಿಸಬೇಕು ಕಣಮ್ಮ. ಈಗ ವಾರ್ಡ್‌ಗಳಿಂದ ಗೆದ್ದ ಕಾರ್ಪೊರೇಟರ್‌ಗಳು ಮೇಯರ್‌ನ ಆರಿಸುತ್ತಾರೆ. ಊರಿನ ಮೇಯರ್‌ನ ಊರಿನವರೇ ಮತ ಹಾಕಿ ಆರಿಸಬೇಕು. ಐದು ವರ್ಷಕ್ಕೆ.

ಯಾಕೆ ಅಂದರೆ ನನಗೆ ಬೈಯೋದಕ್ಕೆ ಒಬ್ಬರು ಬೇಕು. ಇದಕ್ಕಿಂತ ದೊಡ್ಡ ಸಿದ್ಧಾಂತ ನನ್ನ ಹತ್ತಿರ ಇಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಹಾಗಾಗಿದೆ ನಮ್ಮ ಪಾಡು. ಕಾರ್ಪೊರೇಟರ್ ಇದ್ದಾಗ ಅವರು ಎಂಎಲ್‌ಎ ಕಡೆ ಕೈ ತೋರಿಸುತ್ತಾರೆ. ಎಂಎಲ್‌ಎ ಕಮಿಷನರ್ ಕಡೆ ತೋರಿಸುತ್ತಾರೆ. ಕಮಿಷನರ್‌ಗೆ ಸರ್ಕಾರದ ಕಡೆ ತೋರಿಸೋ ಅಷ್ಟರಲ್ಲಿ ವರ್ಗಾವಣೆ ಆಗಿರುತ್ತದೆ. ಮೇಯರ್? ಅವರು ಟೇಪ್ ಕತ್ತರಿಸುತ್ತಿರುತ್ತಾರೆ.

2018ರಲ್ಲಿ ಮೈಸೂರಿನ 65 ವಾರ್ಡ್‌ಗೆ ಚುನಾವಣೆ ಆಯಿತು. ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಆ ಒಂದೇ ಕೌನ್ಸಿಲ್‌ನ ಐದು ವರ್ಷದಲ್ಲಿ ಕಾಂಗ್ರೆಸ್ ಮೇಯರ್ ಆಯಿತು, ಜೆಡಿಎಸ್ ಮೇಯರ್ ಆಯಿತು, ಬಿಜೆಪಿ ಮೇಯರ್ ಆಯಿತು. ಮೂರೂ ಪಕ್ಷ! ಜನ ಮತ ಹಾಕಿದ್ದು ಒಂದೇ ಸಲ. ಈಗ ಹೇಳಿ, ಆ ಐದು ವರ್ಷದ ಲೆಕ್ಕ ಯಾರನ್ನು ಕೇಳಬೇಕು? ಮೂವರೂ ಇನ್ನಿಬ್ಬರನ್ನು ತೋರಿಸುತ್ತಾರೆ. ತಪ್ಪು ಅಂತ ಹೇಳೋಕೂ ಆಗಲ್ಲ.

ಬೆಂಗಳೂರಿನದ್ದು ಇನ್ನೂ ಚೆಂದ. 2010ರಿಂದ 2020ರವರೆಗೆ ಹತ್ತು ವರ್ಷಕ್ಕೆ ಹತ್ತು ಮೇಯರ್. 2015ರ ಚುನಾವಣೆಯಲ್ಲಿ 198 ವಾರ್ಡ್‌ನಲ್ಲಿ ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಮೇಯರ್ ಆಗಿದ್ದು ಕಾಂಗ್ರೆಸ್ಸಿನವರು. ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳ ಜೊತೆ ಎಂಎಲ್‌ಎ, ಎಂಎಲ್‌ಸಿ, ಎಂಪಿ ಎಲ್ಲರಿಗೂ ಮತ ಇದೆ. ಅದರ ಮೇಲೆ ಜೆಡಿಎಸ್ ಕೈ ಜೋಡಿಸಿತು. ಪಕ್ಷೇತರರನ್ನು ಕೇರಳದ ರೆಸಾರ್ಟ್‌ಗೆ ಪ್ರವಾಸ ಕರೆದುಕೊಂಡು ಹೋಗಲಾಯಿತು. (ನನ್ನನ್ನು ಯಾರೂ ಯಾವ ರೆಸಾರ್ಟ್‌ಗೂ ಕರೆದುಕೊಂಡು ಹೋಗಿಲ್ಲ. ಮತದಾರಳಾಗಿ ನನಗೆ ಅದೊಂದು ಕೊರಗು.) ಇದನ್ನ ಬಿಜೆಪಿ ಪರವಾಗಿ ಹೇಳುತ್ತಿದ್ದೀನಿ ಅಂತ ಕಾಮೆಂಟ್‌ನಲ್ಲಿ ಶುರು ಮಾಡಬೇಡಿ. ಕಾನೂನು ಪ್ರಕಾರ ಎಲ್ಲ ಸರಿ ಇತ್ತು. ಅದೇ ನನ್ನ ತಕರಾರು. ಕಾನೂನೇ ಹಾಗಿದೆ.

ಆ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ಕೋಟಿಗಟ್ಟಲೆ ಜನರ ಊರು ಮೇಯರ್ ಇಲ್ಲದೆ, ಕಾರ್ಪೊರೇಟರ್ ಇಲ್ಲದೆ ಬದುಕಿತು. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ಅವಧಿ ಮುಗಿಯೋ ಮುಂಚೆ ಚುನಾವಣೆ ಆಗಬೇಕು. ಇದೂ ಪಾಠದಲ್ಲಿತ್ತು, ಒಂದು ಅಂಕ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಒಂದಿದ್ದ ಪಾಲಿಕೆ ಐದಾಯಿತು. ಮುಂದೆ ಐದು ಮೇಯರ್ ಬರುತ್ತಾರಂತೆ, ಅದೂ ಕಾರ್ಪೊರೇಟರ್‌ಗಳೇ ಆರಿಸಿದವರು. ಅವರೆಲ್ಲರ ಮೇಲೆ ಪ್ರಾಧಿಕಾರದ ಅಧ್ಯಕ್ಷರಾಗಿ ಮುಖ್ಯಮಂತ್ರಿ. ಅಂದರೆ ಕುದುರೆ ಐದು, ಲಗಾಮು ಒಂದೇ ಕೈಯಲ್ಲಿ.

ನೇರ ಚುನಾವಣೆ ಅಂದರೆ ಎಲ್ಲೋ ಲಂಡನ್ ಮಾತು ಅಂದುಕೊಳ್ಳಬೇಡಿ. ಉತ್ತರ ಪ್ರದೇಶದಲ್ಲಿ ಜನ ನೇರವಾಗಿ ಮೇಯರ್‌ಗೆ ಮತ ಹಾಕುತ್ತಾರೆ. ಮಧ್ಯಪ್ರದೇಶದಲ್ಲೂ ಹಾಕುತ್ತಾರೆ. ಸಂವಿಧಾನ ಈ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿದೆ. ನಮ್ಮ ವಿಧಾನಸಭೆ ಮನಸ್ಸು ಮಾಡಿದರೆ ಸಾಕು.

ಮನಸ್ಸು ಯಾಕೆ ಮಾಡಲ್ಲ? ಇದಕ್ಕೆ ಉತ್ತರ ಚೆನ್ನೈನಲ್ಲಿದೆ. 1996ರಲ್ಲಿ ಚೆನ್ನೈ ಜನ ನೇರವಾಗಿ ಡಿಎಂಕೆಯ ಸ್ಟಾಲಿನ್ ಅವರನ್ನು ಮೇಯರ್ ಮಾಡಿದರು. 2001ರಲ್ಲಿ ರಾಜ್ಯದಲ್ಲಿ ಜಯಲಲಿತಾ ಗೆದ್ದರು, ಆದರೆ ಅದೇ ವರ್ಷ ಚೆನ್ನೈ ಜನ ಮತ್ತೆ ಸ್ಟಾಲಿನ್‌ಗೇ ಮತ ಕೊಟ್ಟರು. ರಾಜಧಾನಿಯಲ್ಲಿ ವಿರೋಧ ಪಕ್ಷದ ಮೇಯರ್, ಅದೂ ಇಡೀ ಊರು ಆರಿಸಿದವರು! ಯಾವ ಮುಖ್ಯಮಂತ್ರಿಗೆ ನಿದ್ದೆ ಬರುತ್ತದೆ? 2002ರಲ್ಲಿ, ಒಬ್ಬರು ಎಂಎಲ್‌ಎ ಮತ್ತು ಮೇಯರ್ ಎರಡೂ ಆಗಿರುವಂತಿಲ್ಲ ಅಂತ ಕಾನೂನು ಬಂತು. ಸ್ಟಾಲಿನ್ ಮೇಯರ್ ಕುರ್ಚಿ ಬಿಟ್ಟರು. ತಮಾಷೆ ಏನು ಗೊತ್ತಾ? 2006ರಲ್ಲಿ ಡಿಎಂಕೆಯೇ ಅಧಿಕಾರಕ್ಕೆ ಬಂದಾಗ ನೇರ ಚುನಾವಣೆ ಕೈಬಿಟ್ಟಿತು. 2011ರಲ್ಲಿ ಜಯಲಲಿತಾ ಬಂದಾಗ ಮತ್ತೆ ನೇರ. ಆಮೇಲೆ ಮತ್ತೆ ಪರೋಕ್ಷ. ಮಧ್ಯಪ್ರದೇಶ, ಛತ್ತೀಸಗಢದಲ್ಲೂ ಹೀಗೇ ಹಿಂದೆ ಮುಂದೆ ಆಗಿದೆ. ಸೊಸೆ ಆಗಿದ್ದಾಗ ಒಂದು ನ್ಯಾಯ, ಅತ್ತೆ ಆದಾಗ ಇನ್ನೊಂದು.

ಲೆಕ್ಕ ಹಾಕಿ. ಬೆಂಗಳೂರು ಪೂರ್ತಿ ಒಬ್ಬ ಮೇಯರ್‌ಗೆ ಮತ ಹಾಕಿದರೆ ಅದು 28 ವಿಧಾನಸಭಾ ಕ್ಷೇತ್ರದ ಮತ. ಮುಖ್ಯಮಂತ್ರಿ ಗೆದ್ದು ಬರೋದು ಒಂದು ಕ್ಷೇತ್ರದಿಂದ. ಮೈಸೂರಿನಲ್ಲೂ ಅಷ್ಟೇ. ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಮೂರೂ ಕಡೆ ಮತ ತಗೊಂಡ ಮೇಯರ್ ಎದುರಿಗೆ ಬಂದು ಕೂತರೆ ಯಾವ ಎಂಎಲ್‌ಎ ತಾನೇ ಕಾಫಿ ಕೊಡುತ್ತಾರೆ? ಮೊಸರಿಗೆ ಬೆಕ್ಕನ್ನು ಕಾವಲು ಇಟ್ಟ ಹಾಗೆ, ಈ ಕಾನೂನು ಮಾಡಬೇಕಾದವರೂ ಅವರೇ.

ಈಗ ನನ್ನ ತಮ್ಮ ಬರುತ್ತಾನೆ, ಕಾಮೆಂಟ್‌ಗೆ. ಅವನಿಗೆ ಎಲ್ಲದಕ್ಕೂ ಒಂದು "ಆದರೆ" ಇದೆ. ಫೋನ್‌ನಲ್ಲಿ ಆಗಲೇ ಹೇಳಿದ: "ಅಕ್ಕ, ಶಿಮ್ಲಾ ನೋಡು." ನೋಡಿದ್ದೀನಪ್ಪ. 2012ರಲ್ಲಿ ಶಿಮ್ಲಾ ಜನ ನೇರವಾಗಿ ಸಿಪಿಎಂನ ಮೇಯರ್, ಡೆಪ್ಯುಟಿ ಮೇಯರ್ ಇಬ್ಬರನ್ನೂ ಆರಿಸಿದರು. ಆದರೆ 25 ವಾರ್ಡ್‌ನಲ್ಲಿ ಆ ಪಕ್ಷ ಗೆದ್ದಿದ್ದು ಮೂರು. 2009ರಲ್ಲಿ ಜೈಪುರದಲ್ಲಿ ಮೇಯರ್ ಕಾಂಗ್ರೆಸ್, ಬೋರ್ಡಿನಲ್ಲಿ ಬಹುಮತ ಬಿಜೆಪಿ. ಜಗಳವೋ ಜಗಳ. ಎರಡೂ ರಾಜ್ಯಗಳು ಆಮೇಲೆ ಹಳೇ ಪದ್ಧತಿಗೆ ಹೋದವು. ಇಂಗ್ಲೆಂಡಿನ ಬ್ರಿಸ್ಟಲ್‌ನವರಂತೂ 2012ರಲ್ಲಿ ನೇರ ಮೇಯರ್ ಬೇಕು ಅಂತ ಮತ ಹಾಕಿ, 2022ರಲ್ಲಿ ಬೇಡ ಅಂತ ಮತ ಹಾಕಿದರು. ಎಲ್ಲ ಒಪ್ಪಿದೆ. ಆದರೆ ಬ್ರಿಸ್ಟಲ್‌ನಲ್ಲಿ ಬೇಕು ಅಂದಿದ್ದೂ ಜನ, ಬೇಡ ಅಂದಿದ್ದೂ ಜನ. ನಮ್ಮನ್ನು ಯಾರು ಯಾವತ್ತು ಕೇಳಿದ್ದಾರೆ? ಜಗಳದ ವಿಷಯಕ್ಕೆ ಬಂದರೆ, ಮೇಯರ್‌ಗೂ ಕೌನ್ಸಿಲ್‌ಗೂ ಜಗಳ ಆಗಲಿ ಬಿಡು. ಯಾರ ಮಧ್ಯೆ ಜಗಳ ಅಂತಾದರೂ ಗೊತ್ತಾಗುತ್ತದೆ. ನಮ್ಮ ಬೀದಿ ಗುಂಡಿಗೆ ಜಗಳ ಆಡೋರೂ ಗತಿ ಇಲ್ಲ.

ದುಡ್ಡಿನವರು ಮಾತ್ರ ನಿಲ್ಲುತ್ತಾರೆ ಅನ್ನೋದು ಅವನ ಎರಡನೇ "ಆದರೆ". ಈಗ ಬಡವರು ನಿಲ್ಲುತ್ತಿದ್ದಾರಾ? ಮುಂದೆ ಹೋಗೋಣ.

ಮೂರನೆಯದು ಸ್ವಲ್ಪ ಕುಟುಕುತ್ತದೆ, ಅದನ್ನ ಹಾಗೆ ತಳ್ಳೋಕೆ ಆಗಲ್ಲ. ವರ್ಷಕ್ಕೊಬ್ಬ ಮೇಯರ್, ಸರದಿ ಮೀಸಲಾತಿ ಇದ್ದಿದ್ದರಿಂದ ತಾನೇ ದಲಿತರು, ಹಿಂದುಳಿದವರು, ಹೆಣ್ಣುಮಕ್ಕಳು ಆ ಕುರ್ಚಿ ನೋಡಿದ್ದು? ನಿಜ. 2020ರಲ್ಲಿ ಮೈಸೂರಿಗೆ ಮೊದಲ ಸಲ ಮುಸ್ಲಿಂ ಮಹಿಳೆ ಮೇಯರ್ ಆದರು, ನಾನೇ ಖುಷಿಪಟ್ಟು ಇಲ್ಲೇ ಪೋಸ್ಟ್ ಹಾಕಿದ್ದೆ. ಆದರೆ ನೇರ ಚುನಾವಣೆ ಇರೋ ಉತ್ತರ ಪ್ರದೇಶದಲ್ಲೂ ಮೇಯರ್ ಹುದ್ದೆಗೆ ಮೀಸಲಾತಿ ಇದೆ, ಮಧ್ಯಪ್ರದೇಶದಲ್ಲೂ ಇದೆ. ಮೀಸಲು ಹುದ್ದೆ ಅಂದರೆ ಒಂದು ವರ್ಷ ಮಾತ್ರ ಅಂತ ಎಲ್ಲಿ ಬರೆದಿದೆ? ಒಬ್ಬ ಹೆಣ್ಣುಮಗಳಿಗೆ ಐದು ವರ್ಷ ಕೊಟ್ಟು ನೋಡಿ. ಮೊದಲ ಬಜೆಟ್ ಅರ್ಥ ಮಾಡಿಕೊಳ್ಳೋಕೆ, ಎರಡನೆಯದು ಮಂಡಿಸೋಕೆ, ಮೂರನೆಯದು ಬಿಲ್ ಬರೆಯೋ ಕಂಟ್ರ್ಯಾಕ್ಟರ್‌ನ ಹಿಡಿಯೋಕೆ ಬೇಕಾಗುತ್ತದೆ.

ನೇರ ಚುನಾವಣೆ ಆಗದಿದ್ದರೆ ಕೇರಳದಂತೆಯಾದರೂ ಮಾಡಿ. ಅಲ್ಲೂ ಕೌನ್ಸಿಲರ್‌ಗಳೇ ಆರಿಸೋದು, ಆದರೆ ಐದು ವರ್ಷಕ್ಕೆ. 2020ರ ಕೊನೆಯಲ್ಲಿ ತಿರುವನಂತಪುರಕ್ಕೆ 21 ವರ್ಷದ ಹುಡುಗಿ ಮೇಯರ್ ಆದರು. ಜನ ಐದು ವರ್ಷ ಆಕೆಯನ್ನೇ ಹೊಗಳಿದರು, ಆಕೆಯನ್ನೇ ಬೈದರು. ನನ್ನ ಹೊಟ್ಟೆಕಿಚ್ಚು ಆ ಬೈಗುಳದ ಮೇಲೆ.

ಇನ್ನು ಒಂದು ಮಾತು ಹೇಳದೇ ಬಿಟ್ಟರೆ ನನ್ನ ಅಂತಃಕರಣ ಸುಮ್ಮನಿರಲ್ಲ. 2018ರ ಆಗಸ್ಟ್ 31, ಮೈಸೂರು ಪಾಲಿಕೆ ಮತದಾನದ ದಿನ. ಶುಕ್ರವಾರ. ಊರಿಗೆಲ್ಲ ರಜೆ, ಮುಂದೆ ಶನಿವಾರ ಭಾನುವಾರ. ಆ ಸಲ ನನಗೆ ಚುನಾವಣಾ ಡ್ಯೂಟಿ ಬಂದಿರಲಿಲ್ಲ. ಪೌರನೀತಿ ಟೀಚರ್ ಏನು ಮಾಡಿದಳು? ಬೆಳಿಗ್ಗೆ ಐದಕ್ಕೆ ಪುಳಿಯೋಗರೆ ಕಟ್ಟಿಕೊಂಡು ಊಟಿಗೆ ಹೋದಳು. "ವಾರ್ಡ್ ಎಲೆಕ್ಷನ್ ತಾನೇ, ಇವರಿಂದ ಏನಾಗುತ್ತೆ" ಅಂತ ಯಜಮಾನರಿಗೆ ನಾನೇ ಹೇಳಿದ್ದು. ಸೋಮವಾರ ಹೋಗಿ ಮಕ್ಕಳಿಗೆ ಮತದಾನ ಪವಿತ್ರ ಹಕ್ಕು ಅಂತ ಪಾಠ ಮಾಡಿದೆನೋ ಏನೋ, ಅದು ಪುಣ್ಯಕ್ಕೆ ನೆನಪಿಲ್ಲ. ಇದನ್ನ ಓದಿ ಸ್ಕ್ರೀನ್‌ಶಾಟ್ ತೆಗೆಯೋರು ತೆಗೆದುಕೊಳ್ಳಿ. ಆದರೆ ಅವತ್ತು ಮೇಯರ್‌ಗೆ ನೇರ ಮತ ಇದ್ದಿದ್ದರೆ ನಾನು ಊಟಿಗೆ ಶನಿವಾರ ಹೊರಡುತ್ತಿದ್ದೆ. ಖಂಡಿತ.

ಬರೀ ಆರಿಸಿದರೆ ಸಾಲದು ಅಂತಲೂ ಗೊತ್ತು. ನಮ್ಮ ಕಾಯ್ದೆಯಲ್ಲಿ ಆಡಳಿತದ ಕೀಲಿಕೈ ಕಮಿಷನರ್ ಹತ್ತಿರ ಇದೆ, ಮೇಯರ್ ಸಭೆ ನಡೆಸುತ್ತಾರೆ ಅಷ್ಟೇ. ಬೆಂಗಳೂರಿನಲ್ಲಿ ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ, ಬಡಾವಣೆಗೆ ಬಿಡಿಎ. ಮೇಯರ್ ಕೈಗೆ ಇವು ಯಾವುದೂ ಸಿಗಲ್ಲ. ಹಾಗಾಗಿ ಮೊದಲು ಅಧಿಕಾರ ಕೊಡಿ, ಆಮೇಲೆ ಆರಿಸೋಣ ಅನ್ನುತ್ತಾರೆ ತಿಳಿದವರು. ನನಗೆ ಆ ಕ್ರಮದಲ್ಲಿ ನಂಬಿಕೆ ಇಲ್ಲ. ಮುಖ ಇಲ್ಲದವರಿಗೆ ಯಾರು ಅಧಿಕಾರ ಬಿಟ್ಟುಕೊಡುತ್ತಾರೆ? ಊರಿನ ಮತ ತಗೊಂಡವರು ವಿಧಾನಸೌಧದ ಮುಂದೆ ನಿಂತು ಕಿತ್ತಾಡಿ ತಗೊಳ್ಳಬೇಕು ಅದನ್ನ.

ಮಧ್ಯಾಹ್ನ ಬೇಜಾರಿನಲ್ಲಿ ಮತ್ತೆ ಗುಂಡಿ ಹತ್ತಿರ ಹೋಗಿದ್ದೆ. ಯಾರೋ ಹೊಂಗೆ ಕೊಂಬೆಯೊಂದನ್ನು ಮುರಿದು ತಂದು ನಿಲ್ಲಿಸಿದ್ದಾರೆ, ಇನ್ನೊಬ್ಬರು ಬೀಳದಿರಲಿ ಅಂತ. ನಾಳೆ ರಾಜ್ಯೋತ್ಸವ ಅಲ್ವಾ, ಕೊಂಬೆಯ ತುದಿಗೆ ಹಳದಿ ಕೆಂಪು ಬಾವುಟವನ್ನೂ ಕಟ್ಟಿದ್ದಾರೆ. ಚೆನ್ನಾಗಿ ಕಾಣುತ್ತಿತ್ತು. ಯಾರು ಕಟ್ಟಿದ್ದು ಅಂತ ಅಂಗಡಿಯವರನ್ನು ಕೇಳಿದೆ.

"ಗೊತ್ತಿಲ್ಲ ಮೇಡಂ" ಅಂದರು.