“ನಿಮ್ಮವರು ಎಷ್ಟು ಸಲ ಗೆದ್ದಿದ್ದಾರೆ?”

ಬಾಸ್ಟನ್‌ನಲ್ಲಿ ನಾನು ಹೋಗುವ ಕ್ಷೌರದಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಒಂದು ದಿನ ಕತ್ತರಿ ಆಡಿಸುತ್ತಲೇ ಊರಿನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್, ಎನ್‌ಬಿಎ ಲೀಗಿನ ಫೈನಲ್ಸ್ ಗೆದ್ದ ವರ್ಷಗಳನ್ನು ಮಗ್ಗಿಯಂತೆ ಒಪ್ಪಿಸಿದರು. 1957, ಆಮೇಲೆ 1959ರಿಂದ 1966ರವರೆಗೆ ಸಾಲಾಗಿ ಎಂಟು, 68, 69, 74, 76, 81, 84, 86, 2008, 2024. ಒಟ್ಟು 18. “ನಿಮ್ಮ ಕಡೆ ಕ್ರಿಕೆಟ್ ಅಲ್ಲವೇ? ನಿಮ್ಮವರು ಎಷ್ಟು ಸಲ ಗೆದ್ದಿದ್ದಾರೆ?” ಎಂದರು. ಕರ್ನಾಟಕ, ರಣಜಿ ಟ್ರೋಫಿ ಎಂದು ಉತ್ಸಾಹದಿಂದ ಶುರು ಮಾಡಿದವನು “ಏಳೋ ಎಂಟೋ” ಎಂದು ನಿಂತುಬಿಟ್ಟೆ. ಯಾವ ಯಾವ ವರ್ಷ ಎಂದು ಅವರು ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಚುಚ್ಚಿತು.

ಇಲ್ಲಿನ ಗಾರ್ಡನ್ ಕ್ರೀಡಾಂಗಣದಲ್ಲಿ ತಲೆಯೆತ್ತಿದರೆ ಗೆಲುವಿಗೊಂದರಂತೆ ಹಸಿರು ಅಂಚಿನ ಬಿಳಿ ಬಾವುಟಗಳು. ಫೈನಲ್ಸ್‌ವರೆಗೆ ಬಂದು ಸೋತ ವರ್ಷಕ್ಕೆ ಬಾವುಟವಿಲ್ಲ. ಆದರೆ ಸೋತವರ ಕಥೆಯನ್ನೂ ಜನ ಬಿಟ್ಟುಕೊಟ್ಟಿಲ್ಲ. 1969ರ ಫೈನಲ್ಸ್‌ನ ಏಳನೇ, ನಿರ್ಣಾಯಕ ಪಂದ್ಯವನ್ನು ಕ್ಷೌರದ ಯಜಮಾನರು ನಿನ್ನೆ ಕಂಡಂತೆ ಹೇಳುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಎದುರಾಳಿ ಲೇಕರ್ಸ್ ತಂಡದ ಮಾಲೀಕ ಗೆಲುವು ಖಚಿತವೆಂದು ಛಾವಣಿಗೆ ಬಲೂನುಗಳನ್ನು ಕಟ್ಟಿಸಿದ್ದ. ಕೊನೆಯ ಹೊತ್ತಿನಲ್ಲಿ ಸೆಲ್ಟಿಕ್ಸ್‌ನ ಡಾನ್ ನೆಲ್ಸನ್ ಎಸೆದ ಚೆಂಡು ಬಳೆಗೆ ಬಡಿದು ಮೇಲಕ್ಕೆ ಚಿಮ್ಮಿ, ಬಲೆಯೊಳಗೇ ಬಿತ್ತು. 108–106. ಬಲೂನುಗಳು ಅಲ್ಲೇ ಉಳಿದವು. 42 ಅಂಕ ಗಳಿಸಿಯೂ ಸೋತ ಜೆರ್ರಿ ವೆಸ್ಟ್‌ಗೆ ಸರಣಿಯ ಶ್ರೇಷ್ಠ ಆಟಗಾರನ ಪ್ರಶಸ್ತಿ. ಸೋತ ತಂಡದವನಿಗೆ ಅದು ಸಿಕ್ಕಿದ್ದು ಆ ಒಂದೇ ಸಲ. ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ ಅದು ಕೊನೆಯ ಪಂದ್ಯ, 13 ವರ್ಷಗಳಲ್ಲಿ 11ನೇ ಕಿರೀಟ.

ಪಕ್ಷದ ದಿನ ಮೂರು ತಲೆಮಾರಿನ ಹೆಸರು ಹೇಳಿ ಎಡೆಯಿಡುವವರು ನಾವು. ಆಟಗಾರರ ವಿಷಯಕ್ಕೆ ಬಂದರೆ ಹಿಂದಿನ ಐಪಿಎಲ್ಲಿನಾಚೆಗೆ ನೆನಪು ಹೋಗುವುದಿಲ್ಲ. ಚಿನ್ನಸ್ವಾಮಿಯಲ್ಲಿ ಎಷ್ಟೋ ಮ್ಯಾಚು ನೋಡಿದ್ದೇನೆ, ರಣಜಿ ಗೆದ್ದ ವರ್ಷಗಳು ನನ್ನ ಕಣ್ಣಿಗೆ ಬಿದ್ದ ನೆನಪಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಪಟಪಟನೆ ಹೇಳಿದರು: 1973–74, 77–78, 82–83, 95–96, 97–98, 98–99, 2013–14, 14–15. ಎಂಟು. ಸೆಲ್ಟಿಕ್ಸ್ ಸಾಲಾಗಿ ಗೆಲ್ಲತೊಡಗಿದ ಕಾಲಕ್ಕೇ, 1958–59ರಲ್ಲಿ, ಬಾಂಬೆಯೂ ರಣಜಿಯಲ್ಲಿ ಶುರುಮಾಡಿತ್ತು. ಅವರದು ಸತತ ಹದಿನೈದು! ಅದನ್ನು ಮುರಿದವರು ಪ್ರಸನ್ನ ನಾಯಕತ್ವದ ನಮ್ಮವರು, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ವಿಶ್ವನಾಥ್ 162, ಬ್ರಿಜೇಶ್ 106, ಅತ್ತ ವಾಡೇಕರ್ ಕಾಲು ಜಾರಿ ರನೌಟ್. ಅಪ್ಪನ ದನಿ ಏರುತ್ತಲೇ ಹೋಯಿತು. ಎಂಟು ಗೆಲುವೂ ನಮ್ಮ ಮನೆಯಲ್ಲೇ ಇದ್ದವು, ಅವರ ಬಾಯಲ್ಲಿ.

ಮುಂದಿನ ತಿಂಗಳು ಅದೇ ಕುರ್ಚಿಯಲ್ಲಿ ಕೂತು ಎಂಟನ್ನೂ ಒಪ್ಪಿಸಿದೆ. ಯಜಮಾನರು ಕತ್ತರಿ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, “ನಾನು ಹುಡುಗನಾಗಿದ್ದಾಗ ರಸೆಲ್ ಆಡುತ್ತಿದ್ದರೂ ಎಷ್ಟೋ ಕುರ್ಚಿಗಳು ಖಾಲಿ” ಎಂದರು. ಕಪ್ಪು ಮನುಷ್ಯನೆಂದು ಆತನ ಮನೆಗೆ ನುಗ್ಗಿ ಗೋಡೆಯ ಮೇಲೆ ಕೊಳಕು ಮಾತು ಗೀಚಿದ್ದರಂತೆ. 1972ರಲ್ಲಿ ಆತನ ಅಂಗಿಯ 6ನೇ ನಂಬರನ್ನು ಇನ್ನಾರಿಗೂ ಕೊಡದೆ ಗೌರವಿಸುವ ಸಮಾರಂಭ ಪ್ರೇಕ್ಷಕರಿಲ್ಲದೆ ನಡೆಯಿತು. ಆತನೇ ಹಾಗೆ ಬಯಸಿದ್ದು. ನಗರಸಭೆಯ ಮುಂದೆ ಪ್ರತಿಮೆ ನಿಂತದ್ದು 2013ರಲ್ಲಿ. ಇವರಿಗೂ ನೆನಪು ತಡವಾಗಿಯೇ ಬಂದದ್ದು ಎಂದು ಒಪ್ಪಲೇಬೇಕು. ಆ 18 ಬಾವುಟಗಳಲ್ಲಿ 11 ಆತನ ಬೆವರಿನವು.

ಆದರೂ ನನಗೆ ಚಿನ್ನಸ್ವಾಮಿಯಲ್ಲಿ ಎಂಟು ಬಾವುಟ ಬೇಕು. ಮೊದಲನೆಯದರ ಮೇಲೆ 1973–74 ಎಂದು ಕನ್ನಡದಲ್ಲಿ ಬರೆದಿರಬೇಕು, ಆ ತಂಡದ ಒಬ್ಬರಾದರೂ ಅದನ್ನು ತಲೆಯೆತ್ತಿ ನೋಡಬೇಕು. ಅಪ್ಪನೂ.