ಕೈ ಕಟ್ಟಿಕೊಂಡು ಮಾಡುವ ವಿಜ್ಞಾನ

ಮೊನ್ನೆ ಒಂದು ಶಿಶುಶಾಲೆಯಲ್ಲಿ ವಿಜ್ಞಾನದ ಪಾಠ ನೋಡಲು ಹೋಗಿದ್ದೆ. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮಾಡಿ ಕಲಿ’ ಎಂದು ಬರೆದಿತ್ತು. ಅದರ ಕೆಳಗೆ 30 ಮಕ್ಕಳು ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂತಿದ್ದರು. ಎರಡೂ ಒಟ್ಟಿಗೆ ಹೇಗೆ ಅಂತ ಕೇಳಬೇಡಿ. ಒಂದು ಕೈ ಎದೆಗೆ, ಇನ್ನೊಂದು ಕೈಯ ಬೆರಳು ತುಟಿಗೆ. ಕೈಯಾರೆ ಕಲಿಯುವ ಪಾಠ ಶುರುವಾಗುವ ಮೊದಲೇ ಎರಡೂ ಕೈಗಳಿಗೆ ಬೇರೆ ಕೆಲಸ ಸಿಕ್ಕಿತ್ತು.

ಮೇಜಿನ ಮೇಲೆ ಒಂದು ಬಕೆಟ್ ನೀರು. ಪಕ್ಕದಲ್ಲಿ ಕಲ್ಲು, ಎಲೆ, ಮರದ ತುಂಡು, ಒಂದು ಮೊಳೆ. ಮೇಜು ಎಷ್ಟು ಎತ್ತರವಿತ್ತೆಂದರೆ ನೆಲದಲ್ಲಿ ಕೂತ ಮಕ್ಕಳಿಗೆ ಬಕೆಟ್ಟಿನ ಹೊಟ್ಟೆ ಮಾತ್ರ ಕಾಣುತ್ತಿತ್ತು. ಒಳಗೆ ಏನು ಮುಳುಗಿತು, ಏನು ತೇಲಿತು ಅನ್ನೋದನ್ನು ಟೀಚರ್ ಕಾಮೆಂಟರಿ ಕೇಳಿಯೇ ತಿಳಿಯಬೇಕು.

ಹಿಂದಿನ ಸಾಲಿನಲ್ಲಿ ಮಾರ್ಗದರ್ಶಕರು ಕೂತಿದ್ದರು. ಟೀಚರ್‌ಗೆ ಜೊತೆಗಾರರಾಗಿ ಕಲಿಸುವುದು ಹೇಗೆಂದು ತೋರಿಸಲು ನೇಮಕವಾದವರು. ಅವರ ಕೈಯಲ್ಲಿ 42 ಅಂಶಗಳ ಒಂದು ಫಾರಂ. ‘ಚಟುವಟಿಕೆ ಸಮಯಕ್ಕೆ ಸರಿಯಾಗಿ ಮುಗಿಯಿತೇ?’, ‘ನೀರು ಚೆಲ್ಲಲಿಲ್ಲವೇ?’, ‘ಫೋಟೋ ಅಪ್‌ಲೋಡ್ ಆಯಿತೇ?’ ಹೀಗೆ. ಇಡೀ ಅರ್ಧ ಗಂಟೆ ಅವರು ತಲೆಯೆತ್ತಿ ಒಂದು ಮಗುವಿನ ಮುಖ ನೋಡಲಿಲ್ಲ. ನೋಡಿದ್ದರೆ ಮೂರು ಅಂಶ ತಪ್ಪಿಹೋಗುತ್ತಿತ್ತು, ಪಾಪ.

ಟೀಚರ್ ಕಲ್ಲು ಹಾಕಿದರು. ‘ಕಲ್ಲು ಯಾಕೆ ಮುಳುಗ್ತು ಮಕ್ಕಳೇ? ಯಾಕಂದ್ರೆ ಅದು ಭಾರ! ಏನು?’

‘ಭಾ...ರ!’ 30 ಬೆರಳು ಒಮ್ಮೆಗೇ ತುಟಿಯಿಂದ ಇಳಿದು ಮತ್ತೆ ಏರಿದವು.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರಾಡುವಷ್ಟೂ ಜಾಗ ಇರಲಿಲ್ಲ. ಇದು ಹೊಸ ಕಾಯಿಲೆಯೇನಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದಿದ್ದರು. ಸುಮಾರು 1 ಸೆಕೆಂಡು. 1970ರ ದಶಕದಲ್ಲೇ ಅವರು ಇದನ್ನು ಬರೆದರು. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯೇ ಬಿಡದವರೂ ಮಾತಾಡುತ್ತಾರೆ, ಮಕ್ಕಳೇ ತಿರುಗಿ ಪ್ರಶ್ನೆ ಹಾಕುತ್ತಾರೆ. ಅಂದರೆ ಬೇಕಾಗಿರೋದು ಹೆಚ್ಚುವರಿ 2 ಸೆಕೆಂಡು. ಆದರೆ 2 ಸೆಕೆಂಡಿಗೆ ಟೆಂಡರ್ ಕರೆಯೋಕಾಗಲ್ಲ, ರಿಬ್ಬನ್ ಕತ್ತರಿಸೋಕಾಗಲ್ಲ. ಹಾಗಾಗಿ ಯೋಜನೆಯಲ್ಲಿ ಬಕೆಟ್ ಇದೆ, ಕಾಯೋದು ಇಲ್ಲ.

ಮೂಲೆಯಿಂದ ಒಂದು ಹುಡುಗಿ ಕೇಳಿಯೇಬಿಟ್ಟಳು. ‘ಮಿಸ್, ಮೊಳೆ ಅಷ್ಟು ಚಿಕ್ಕದು. ಮರದ ತುಂಡೇ ಜಾಸ್ತಿ ಭಾರ ಅಲ್ವಾ? ಅದ್ಯಾಕೆ ಮುಳುಗಲ್ಲ?’

ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಭಾರ ಒಂದೇ ಅಲ್ಲ, ಗಾತ್ರಕ್ಕೆ ತಕ್ಕ ಭಾರ ಎಷ್ಟು ಅನ್ನೋದೇ ಅಲ್ಲಿನ ಗುಟ್ಟು. ನಾಲ್ಕು ವರ್ಷದ ಕೂಸು ಅದರ ಬಾಗಿಲಿಗೇ ಬಂದು ನಿಂತಿದೆ. ಟೀಚರ್ ಒಮ್ಮೆ ಮೊಳೆ ನೋಡಿದರು, ಒಮ್ಮೆ ಮಾರ್ಗದರ್ಶಕರನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು. ‘ಅದು ದೊಡ್ಡ ಕ್ಲಾಸಲ್ಲಿ ಬರುತ್ತೆ ಪುಟ್ಟಿ, ಕೈ ಕಟ್ಟು.’

ಟೀಚರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಆಮೇಲೆ ಅವರೇ ಮೆಲ್ಲಗೆ ಹೇಳಿದರು, ಅವರಿಗೆ ಮೂರು ದಿನ ತರಬೇತಿ ಆಗಿತ್ತಂತೆ. ಕುರ್ಚಿಯಲ್ಲಿ ಕೂತು ಸ್ಲೈಡ್ ನೋಡಿದ್ದು. ‘ಕೂತು ಕೇಳಿದರೆ ಯಾರೂ ಕಲಿಯುವುದಿಲ್ಲ’ ಎಂಬ ಸ್ಲೈಡಂತೂ ಮೂರು ದಿನವೂ ಬಂತಂತೆ. ನೀರಿಗೆ ಒಂದು ಕಲ್ಲು ಹಾಕಿ ನೋಡುವ ಅವಕಾಶ ಅವರಿಗೂ ಸಿಗಲಿಲ್ಲ.

ಇನ್ನು ಮಾರ್ಗದರ್ಶನ. ಪಾಠ ಮುಗಿದ ಮೇಲೆ ನಡೆದ ಸಂಭಾಷಣೆ ಹೀಗಿತ್ತು:

‘ಮೇಡಂ, 17ನೇ ಅಂಶದಲ್ಲಿ ಸ್ವಲ್ಪ ಸುಧಾರಿಸಬೇಕು.’

‘17ನೇದು ಏನು ಸರ್?’

‘ಅದು ಗೌಪ್ಯ.’

ಪಕ್ಕದಲ್ಲಿ ಕೂತು, ಪಾಠ ನೋಡಿ, ಜೊತೆಗೇ ಮಾಡಿ ತೋರಿಸಿ, ಮುಂದಿನ ವಾರ ಮತ್ತೆ ಬಂದು ‘ಏನಾಯ್ತು?’ ಎಂದು ಕೇಳುವ ಜೊತೆಗಾರರಿಂದ ಶಿಕ್ಷಕರ ಪಾಠ ನಿಜವಾಗಿಯೂ ಸುಧಾರಿಸುತ್ತದೆ. 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2018ರಲ್ಲಿ ಇದನ್ನೇ ಹೇಳಿತು. ಯೋಜನೆ ದೊಡ್ಡದಾದಷ್ಟೂ ಲಾಭ ಕುಗ್ಗುತ್ತದೆ ಎಂದೂ ಹೇಳಿತು. ನಮ್ಮ ಸಮಿತಿಗಳು ಮೊದಲ ವಾಕ್ಯ ಓದಿ ಯೋಜನೆ ಮಾಡುತ್ತವೆ, ಎರಡನೇ ವಾಕ್ಯ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಹಾಗಾಗಿ ಒಬ್ಬ ಮಾರ್ಗದರ್ಶಕರಿಗೆ ನೂರು ಶಾಲೆ. ಅವರ ಮೇಲೊಬ್ಬ ಮಾರ್ಗದರ್ಶಕರ ಮಾರ್ಗದರ್ಶಕರು, ಫಾರಂ ತುಂಬಿದ್ದಾರೋ ಇಲ್ಲವೋ ನೋಡಲು. ಅವರಿಗೂ ಒಂದು ಫಾರಂ.

ಮಕ್ಕಳಿಗೆ ಪ್ರಯೋಗ ಮಾಡೋದು ಯಾರೂ ಕಲಿಸಬೇಕಾಗಿಲ್ಲ ಅನ್ನೋದು ಇದರಲ್ಲಿನ ದೊಡ್ಡ ತಮಾಷೆ. ‘ಸೈನ್ಸ್’ ಪತ್ರಿಕೆಯಲ್ಲಿ 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ 11 ತಿಂಗಳ ಕೂಸುಗಳಿಗೆ ಕಣ್ಕಟ್ಟು ತೋರಿಸಿದ್ದರು. ಗೋಡೆ ತೂರಿ ಬಂದಂತೆ ಕಂಡ ಆಟಿಕೆಯನ್ನು ಕೂಸುಗಳು ಕುಟ್ಟಿ ನೋಡಿದವು. ಗಾಳಿಯಲ್ಲಿ ನಿಂತಂತೆ ಕಂಡದ್ದನ್ನು ಬೀಳಿಸಿ ನೋಡಿದವು. ಇನ್ನೂ ನಡೆಯೋಕೆ ಬಾರದ ಮಗುವಿಗೆ ಯಾವ ಅನುಮಾನಕ್ಕೆ ಯಾವ ಪರೀಕ್ಷೆ ಅನ್ನೋದು ಗೊತ್ತು. ಇನ್ನು ಮೂರು ವರ್ಷ ಕಳೆಯಲಿ, ಅದನ್ನು ಬಿಡಿಸಿ ಕೈ ಕಟ್ಟಿಸುವ ಜವಾಬ್ದಾರಿ ನಮ್ಮದು.

ಆ ದಿನ ನಿಜವಾಗಿ ಒಂದು ಪ್ರಯೋಗ ನಡೆಯಿತು. ದೊಡ್ಡವರೆಲ್ಲ ಗ್ರೂಪ್ ಫೋಟೋಗೆ ಸಾಲುಗಟ್ಟಿದಾಗ ಒಬ್ಬ ಹುಡುಗ ಕುರ್ಚಿ ಹತ್ತಿ, ತನ್ನ ಒಂದು ಬೂಟು ಬಿಚ್ಚಿ ಬಕೆಟ್ಟಿಗೆ ಬಿಟ್ಟ. ಅದು ದೋಣಿಯ ಹಾಗೆ ತೇಲಿತು. ಅವನು ಬೆರಳಲ್ಲಿ ಒಂದು ಬದಿ ಒತ್ತಿದ. ನೀರು ಒಳಗೆ ನುಗ್ಗಿ ಬೂಟು ತಳ ಸೇರಿತು. ತೋಳಿನವರೆಗೆ ಕೈ ಹಾಕಿ ಎತ್ತಿದ, ನೀರು ಚೆಲ್ಲಿದ, ಮತ್ತೆ ತೇಲಿಬಿಟ್ಟ. ಮೊಳೆಯ ಪ್ರಶ್ನೆ ಕೇಳಿದ್ದ ಹುಡುಗಿ ತನ್ನ ಬೂಟಿನ ಲೇಸು ಬಿಚ್ಚತೊಡಗಿದ್ದಳು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಅಂದಿತು.

ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಹಿಂದೆ ಬಕೆಟ್ಟಿನಲ್ಲಿ ಬೂಟು. ಮೇಲಿನವರ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ? ವಾರದೊಳಗೆ ಸುತ್ತೋಲೆ ಬಂತು. ಈಗ ಫಾರಂನಲ್ಲಿ 43 ಅಂಶಗಳಿವೆ. ಕೊನೆಯದು: ‘ಬಕೆಟ್ಟಿನಲ್ಲಿ ಪಾದರಕ್ಷೆ ಇಲ್ಲ: ಹೌದು / ಇಲ್ಲ.’

ಇಲ್ಲದಿದ್ದರೆ ‘ಹೌದು’ ಅನ್ನಬೇಕೋ ‘ಇಲ್ಲ’ ಅನ್ನಬೇಕೋ ಎಂದು ಮಾರ್ಗದರ್ಶಕರಿಗೆ ಗೊಂದಲ. ಅದಕ್ಕೆ ಮುಂದಿನ ತಿಂಗಳು ಮೂರು ದಿನದ ತರಬೇತಿ ಇದೆಯಂತೆ.