ಪೂಜೆ ಮಾಡುವವರ ಕೈಯಲ್ಲಿ ಬೀಗದ ಕೈ ಇಲ್ಲ

ದೇವಸ್ಥಾನ ಸರಕಾರದ ಕೈಯಲ್ಲಿರಬೇಕಾ, ಭಕ್ತರ ಕೈಯಲ್ಲಿರಬೇಕಾ? ಊರಿನ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಆಗಾಗ ಏಳುತ್ತದೆ. ಒಬ್ಬರು ಮುಜರಾಯಿ ಇಲಾಖೆಯನ್ನು ಬೈಯುತ್ತಾರೆ. ಇನ್ನೊಬ್ಬರು ಹಳೆಯ ಮೊಕ್ತೇಸರರ ದರ್ಬಾರನ್ನು ನೆನಪಿಸುತ್ತಾರೆ. ಎರಡೂ ಕಡೆಯವರು ಒಂದು ಮಾತನ್ನು ಮಾತ್ರ ಒಪ್ಪುತ್ತಾರೆ: ಈ ಎರಡು ಬಿಟ್ಟರೆ ಮೂರನೆಯ ದಾರಿ ಇಲ್ಲ. ನಾನು ನಾರ್ವೆಯ ಪಶ್ಚಿಮ ಕರಾವಳಿಯಲ್ಲಿದ್ದೇನೆ. ಇಲ್ಲಿ ಚರ್ಚುಗಳು ನಡೆಯುವ ರೀತಿ ನೋಡಿದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ. ನಾನು ಕ್ರೈಸ್ತನಲ್ಲ, ಕರಾವಳಿಯ ದೇವಸ್ಥಾನ, ದೈವಸ್ಥಾನಗಳ ನಡುವೆ ಬೆಳೆದವನು. ಹಾಗಾಗಿ ಇದನ್ನು ಹೊರಗಿನವನ ಅನಿಸಿಕೆ ಎಂದೇ ಓದಿ.

ಈ ಜಿಲ್ಲೆಯ ಹೆಸರು ಮೋರೆ ಮತ್ತು ರೊಮ್ಸ್‌ಡಾಲ್. ಎಲ್ಲಿ ನೋಡಿದರೂ ದ್ವೀಪ, ಇಲ್ಲವೇ ಬೆಟ್ಟದ ಸಂದಿಗೆ ನುಗ್ಗಿದ ಕಡಲು. ಮೀನು, ಹಡಗು ಕಟ್ಟುವ ಯಾರ್ಡು, ಮಳೆ. ರಸ್ತೆ, ಸೇತುವೆ, ಕಡಲ ಕೆಳಗಿನ ಸುರಂಗ ಬರುವ ಮೊದಲು ಜನ ಭಾನುವಾರ ದೋಣಿ ಹುಟ್ಟು ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಹಾಗಾಗಿ ಹಳೆಯ ಚರ್ಚುಗಳೆಲ್ಲ ಹೆಚ್ಚಾಗಿ ನೀರಿನ ಅಂಚಿನಲ್ಲೇ ಇವೆ. ಗಿಸ್ಕೆ ದ್ವೀಪದಲ್ಲಿ 12ನೇ ಶತಮಾನದ ಪುಟ್ಟ ಅಮೃತಶಿಲೆಯ ಚರ್ಚಿದೆ. ಆಗಿನ ಒಂದು ದೊಡ್ಡ ಮನೆತನ ಕಟ್ಟಿಸಿದ್ದು. ಕ್ರಿಸ್ತಿಯಾನ್ಸುಂಡ್ ಪಟ್ಟಣದಾಚೆ ತೆರೆದ ಕಡಲಲ್ಲಿ ಗ್ರಿಪ್ ಎಂಬ ಬಂಡೆಯಂಥ ದ್ವೀಪವಿದೆ. 1964ರವರೆಗೆ ಅದು ನಾರ್ವೆಯ ಅತಿ ಚಿಕ್ಕ ಮುನ್ಸಿಪಾಲಿಟಿಯಾಗಿತ್ತು. ಈಗ ಅಲ್ಲಿ ವರ್ಷವಿಡೀ ಇರುವವರು ಯಾರೂ ಇಲ್ಲ. ಆದರೂ ಅಲ್ಲಿನ ಹಳೆಯ ಮರದ ಚರ್ಚಿನಲ್ಲಿ ಬೇಸಿಗೆಯಲ್ಲಿ ಪೂಜೆ, ಮದುವೆ ನಡೆಯುತ್ತವೆ. ಓಲೆಸುಂಡ್ ಪಟ್ಟಣ 1904ರ ಜನವರಿಯಲ್ಲಿ ಒಂದೇ ರಾತ್ರಿ ಸುಟ್ಟು ಹೋಯಿತು. ಚರ್ಚೂ ಉಳಿಯಲಿಲ್ಲ. ಈಗಿನ ಕಲ್ಲಿನ ಚರ್ಚು 1909ರದ್ದು.

ಇವೆಲ್ಲ ಲೂಥರನ್, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡದ ಚರ್ಚುಗಳು. 1537ರಲ್ಲಿ ಡೆನ್ಮಾರ್ಕಿನ ರಾಜ ಅಪ್ಪಣೆ ಮಾಡಿದ, ಇಡೀ ನಾರ್ವೆ ಕ್ಯಾಥೊಲಿಕ್‌ನಿಂದ ಲೂಥರನ್ ಆಯಿತು. ಜನರನ್ನು ಯಾರೂ ಕೇಳಲಿಲ್ಲ. ಮುಂದೆ ಸುಮಾರು ಐದು ಶತಮಾನ ಚರ್ಚು ಅಂದರೆ ಸರಕಾರವೇ. ಪಾದ್ರಿ ರಾಜನ ನೌಕರ. 1837ರಲ್ಲಿ ಸ್ಥಳೀಯ ಆಡಳಿತ ಶುರು ಮಾಡಿದಾಗಲೂ ಹೊಸ ಗಡಿ ಎಳೆಯುವ ಗೋಜಿಗೆ ಹೋಗಲಿಲ್ಲ. ಒಬ್ಬ ಮುಖ್ಯ ಪಾದ್ರಿಯ ವ್ಯಾಪ್ತಿ ಎಷ್ಟೋ ಅದೇ ಒಂದು ಮುನ್ಸಿಪಾಲಿಟಿ ಎಂದರು. ನಮ್ಮ ಕರಾವಳಿಯವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಮಾಗಣೆ, ಸೀಮೆ ಎನ್ನುವಾಗ ನಮಗೂ ನೆನಪಾಗುವುದು ಯಾವ ದೇವಸ್ಥಾನಕ್ಕೆ ಯಾವ ಊರುಗಳು ಸೇರಿದವು ಎಂಬುದೇ ಅಲ್ವಾ?

2012ರಲ್ಲಿ ಸಂವಿಧಾನ ತಿದ್ದಿದರು. 2017ರ ಜನವರಿ 1ರಿಂದ ಚರ್ಚು ಬೇರೆ ಸಂಸ್ಥೆಯಾಯಿತು. ಸುಮಾರು 1,250 ಪಾದ್ರಿಗಳು, ಬಿಷಪರು ಸರಕಾರಿ ನೌಕರರಾಗಿರುವುದು ನಿಂತಿತು. ರಾಜ ಮಾತ್ರ ಈಗಲೂ ಲೂಥರನ್ ಆಗಿರಲೇಬೇಕು. ದೇಶದಲ್ಲಿ ಧರ್ಮ ಆರಿಸಿಕೊಳ್ಳುವ ಹಕ್ಕಿಲ್ಲದ ಒಬ್ಬನೇ ಮನುಷ್ಯ ಅವನೇ ಇರಬೇಕು!

ಇನ್ನು ನನ್ನ ತಲೆಗೆ ಹತ್ತಿದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಪೂಜೆಯ ಸರಪಳಿ ಬೇರೆ, ಬೀಗದ ಕೈಯ ಸರಪಳಿ ಬೇರೆ.

ಪೂಜೆಯ ಸರಪಳಿ ಮೇಲಿನಿಂದ ಇಳಿಯುತ್ತದೆ. ದೇಶದಲ್ಲಿ 11 ಬಿಷಪ್ ಪ್ರಾಂತಗಳಿವೆ. ಮೋರೆ ಪ್ರಾಂತ ಹುಟ್ಟಿದ್ದು 1983ರಲ್ಲಿ. ಅದಕ್ಕೆ ಮೊದಲು ಜಿಲ್ಲೆಯ ದಕ್ಷಿಣ ಭಾಗ ಬೆರ್ಗೆನ್ ಬಿಷಪರಿಗೆ, ಉತ್ತರ ಭಾಗ ಟ್ರೊಂಡ್‌ಹೈಮ್ ಬಿಷಪರಿಗೆ ಸೇರಿತ್ತು. ಈಗ ಬಿಷಪರು ಕೂರುವುದು ಮೊಲ್ಡೆ ಪಟ್ಟಣದಲ್ಲಿ. ಅಲ್ಲಿನ ಹಳೆಯ ಚರ್ಚು 1940ರ ಜರ್ಮನ್ ಬಾಂಬಿಗೆ ಸುಟ್ಟಿತು. ಅದರ ಪೂಜಾಪೀಠದ ಚಿತ್ರವನ್ನು ಹೇಗೋ ಉಳಿಸಿಕೊಂಡು 1957ರ ಹೊಸ ಚರ್ಚಿನಲ್ಲಿ ಇಟ್ಟಿದ್ದಾರೆ. ಬಿಷಪರ ಕೆಳಗೆ ಕೆಲವು ಊರುಗಳಿಗೊಬ್ಬ ಹಿರಿಯ ಪಾದ್ರಿ ಇರುತ್ತಾರೆ. ಅವರಿಗೆ ಪ್ರೂಸ್ಟ್ ಎನ್ನುತ್ತಾರೆ. ಅವರ ಕೆಳಗೆ ಊರಿನ ಪಾದ್ರಿ. ಪಾದ್ರಿಯ ನೇಮಕ, ಸಂಬಳ, ವರ್ಗ ಎಲ್ಲ ಈ ಸಾಲಿನಲ್ಲೇ. ದುಡ್ಡು ಕೇಂದ್ರ ಸರಕಾರದ ಅನುದಾನದಿಂದ ಬರುತ್ತದೆ.

ಬೀಗದ ಕೈಯ ಸರಪಳಿ ಊರಿನಿಂದ ಏಳುತ್ತದೆ. ಪ್ರತಿ ಪ್ಯಾರಿಷ್‌ಗೂ, ಅಂದರೆ ಚರ್ಚಿನ ಲೆಕ್ಕದ ಪ್ರತಿ ಊರಿಗೂ, ಸದಸ್ಯರೇ ಓಟು ಹಾಕಿ ಆರಿಸಿದ ಒಂದು ಸಮಿತಿ ಇದೆ. ನಾಲ್ಕು ವರ್ಷಕ್ಕೊಮ್ಮೆ, ಮುನ್ಸಿಪಾಲಿಟಿ ಚುನಾವಣೆಯ ಜೊತೆಗೇ ಇದರ ಚುನಾವಣೆಯೂ ನಡೆಯುತ್ತದೆ. 15 ವರ್ಷ ತುಂಬಿದ ಮಕ್ಕಳಿಗೂ ಓಟು. ಪಾದ್ರಿ ಈ ಸಮಿತಿಯಲ್ಲಿ ಕೂರುತ್ತಾರೆ, ಆದರೆ ಹಲವರಲ್ಲಿ ಒಬ್ಬರಾಗಿ. ಒಂದು ಮುನ್ಸಿಪಾಲಿಟಿಯಲ್ಲಿ ಇಂಥ ಹಲವು ಪ್ಯಾರಿಷ್‌ಗಳಿದ್ದರೆ ಎಲ್ಲಕ್ಕೂ ಸೇರಿ ಒಂದು ಜಂಟಿ ಮಂಡಳಿ. ಕಟ್ಟಡ, ಮಾಡು, ಪೇಂಟು, ಹೀಟರ್, ಸ್ಮಶಾನ, ಆರ್ಗನ್ ನುಡಿಸುವವರು, ಗಂಟೆ ಹೊಡೆಯುವವರು ಎಲ್ಲ ಈ ಮಂಡಳಿಯ ಜವಾಬ್ದಾರಿ. ಅದರ ಕಚೇರಿ ನಡೆಸುವ ಮ್ಯಾನೇಜರ್ ಒಬ್ಬರಿರುತ್ತಾರೆ. ಮಂಡಳಿಯಲ್ಲಿ ಮುನ್ಸಿಪಾಲಿಟಿಯ ಒಬ್ಬ ಪ್ರತಿನಿಧಿಯೂ ಇರುತ್ತಾರೆ. ಯಾಕೆಂದರೆ ದುಡ್ಡು ಕೊಡುವುದು ಮುನ್ಸಿಪಾಲಿಟಿ. ಸ್ವೀಡನ್ನಿನ ಹಾಗೆ ಇಲ್ಲಿ ಚರ್ಚಿನ ಸದಸ್ಯರಿಗೆ ಬೇರೆ ಶುಲ್ಕವಿಲ್ಲ, ಎಲ್ಲರ ತೆರಿಗೆಯಿಂದಲೇ ಹೋಗುತ್ತದೆ.

ಅಂದರೆ ಪೂಜೆ ಮಾಡುವವರಿಗೆ ಕಟ್ಟಡದ ಮೇಲೆ ಯಜಮಾನಿಕೆ ಇಲ್ಲ. ಕಟ್ಟಡದ ಯಜಮಾನರಿಗೆ ಪಾದ್ರಿಯನ್ನು ತೆಗೆಯುವ ಅಧಿಕಾರವಿಲ್ಲ. ದುಡ್ಡು ಕೊಡುವವರಿಗೆ ಪ್ರವಚನದಲ್ಲಿ ಏನು ಹೇಳಬೇಕೆಂದು ಹೇಳುವ ಹಕ್ಕಿಲ್ಲ.

ಕೇಳಲು ಚೆಂದ. ನಡೆಸುವವರಿಗೆ ತಲೆನೋವು. ಒಂದೇ ಮಾಡಿನ ಕೆಳಗೆ ಕೆಲಸ ಮಾಡುವ ಪಾದ್ರಿಗೂ ಆರ್ಗನ್ ನುಡಿಸುವವರಿಗೂ ಬೇರೆ ಬೇರೆ ಬಾಸ್. ಪಾದ್ರಿ ಒಂದು ಸಂಜೆ ಪೂಜೆ ಇಡೋಣ ಎಂದರೆ, ಆರ್ಗನಿಸ್ಟರ ಡ್ಯೂಟಿ ಚಾರ್ಟ್ ಇನ್ನೊಂದು ಕಚೇರಿಯಲ್ಲಿರುತ್ತದೆ. ಎಲ್ಲರನ್ನೂ ಒಂದೇ ಕಡೆಯ ನೌಕರರನ್ನಾಗಿ ಮಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ನನಗೆ ಕೇಳಿದರೆ ಬೇಡ. ಈ ತಲೆನೋವೇ ಕಾವಲು. ಅಧಿಕಾರ ಒಬ್ಬರ ಕೈಗೆ ಸೇರಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುನ್ಸಿಪಾಲಿಟಿಯ ಗಡಿಗೆ ಕಟ್ಟಿಹಾಕಿದ್ದರಿಂದ ತಮಾಷೆಗಳೂ ಆಗುತ್ತವೆ. 2020ರಲ್ಲಿ ಸರಕಾರ ಓಲೆಸುಂಡಿಗೆ ಹಾರಮ್, ಸ್ಕೂಡ್ಯೆ ಮುಂತಾದ ಅಕ್ಕಪಕ್ಕದ ಮುನ್ಸಿಪಾಲಿಟಿಗಳನ್ನು ಸೇರಿಸಿತು. ಹಾರಮ್‌ನವರಿಗೆ ಇಷ್ಟವಿರಲಿಲ್ಲ. ಹಟ ಹಿಡಿದು 2024ರ ಜನವರಿ 1ಕ್ಕೆ ಮತ್ತೆ ಬೇರೆಯಾದರು. ಮುನ್ಸಿಪಾಲಿಟಿಗೊಂದು ಮಂಡಳಿ ಎಂಬುದು ನಿಯಮ. ಹಾಗಾಗಿ ದೇವರ ಲೆಕ್ಕದ ಪುಸ್ತಕವೂ ಒಮ್ಮೆ ಸೇರಿ ಮತ್ತೊಮ್ಮೆ ಪಾಲಾಯಿತು.

ಸದಸ್ಯರ ಸಭೆಗೆ ಇನ್ನೊಂದು ಅಧಿಕಾರವಿದೆ. ನಾರ್ವೇಜಿಯನ್ ಬರವಣಿಗೆಗೆ ಎರಡು ರೂಪಗಳಿವೆ. ಹಳ್ಳಿಗಳ ಆಡುಮಾತಿನಿಂದ ಕಟ್ಟಿದ ರೂಪಕ್ಕೆ ಅಡಿಪಾಯ ಹಾಕಿದ ಈವಾರ್ ಓಸೆನ್ ಇದೇ ಜಿಲ್ಲೆಯ ಎರ್ಸ್ತಾ ಕಡೆಯವರು. ಪೂಜೆಯ ಪಾಠ ಯಾವ ರೂಪದಲ್ಲಿರಬೇಕು ಎಂದು ಆಯಾ ಪ್ಯಾರಿಷ್‌ನ ಜನರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಎಂದು ದಶಕಗಟ್ಟಲೆ ನಡೆದ ಗುದ್ದಾಟ ಗೊತ್ತಿರುವವರಿಗೆ ಇದು ಸಣ್ಣ ವಿಷಯ ಅನಿಸಲಾರದು.

ಜಮೀನಿನ ಕಥೆಯೂ ಕೇಳಿ. ಹಿಂದೆ ಪಾದ್ರಿಗಳಿಗೆ ಉಂಬಳಿಯಂತೆ ಹೊಲ, ಕಾಡು ಇದ್ದವು. 1821ರಲ್ಲಿ ಅವನ್ನೆಲ್ಲ ಒಂದು ನಿಧಿಗೆ ಸೇರಿಸಿದರು. ಯಾರದ್ದು ಎಂಬ ವಾದ ಇತ್ತೀಚಿನವರೆಗೂ ಮುಗಿದಿರಲಿಲ್ಲ. ಈಗ ಸರಕಾರ ಮತ್ತು ಚರ್ಚು ಪಾಲು ಮಾಡಿಕೊಂಡಿವೆ. ಸರಕಾರದ ಪಾಲಿನ ದುಡ್ಡು ಹಳೆಯ ಚರ್ಚುಗಳ ದುರಸ್ತಿಗೆ ಹೋಗುತ್ತದೆ. ನಮ್ಮಲ್ಲಿ ಭೂಸುಧಾರಣೆಯಲ್ಲಿ ದೇವಸ್ಥಾನಗಳ ಭೂಮಿ ಗೇಣಿದಾರರಿಗೆ ಹೋಯಿತು. ಅದು ನ್ಯಾಯವೇ. ಆದರೆ ಬದಲಿಗೆ ಬರುವ ತಸ್ತೀಕಿನಲ್ಲಿ ಚಿಕ್ಕ ದೇವಸ್ಥಾನದ ದೀಪದೆಣ್ಣೆಯೂ ಸಾಲದು ಎಂದು ಅರ್ಚಕರು ಗೊಣಗುವುದು ಸುಳ್ಳಲ್ಲ.

ನನಗೆ ನಿಜವಾಗಿ ಹೊಟ್ಟೆಕಿಚ್ಚಾಗುವುದು ಇಲ್ಲಿನ ಸ್ಮಶಾನ ನೋಡಿದಾಗ. ಅದನ್ನು ನೋಡಿಕೊಳ್ಳುವುದು ಇದೇ ಚರ್ಚಿನ ಮಂಡಳಿ. ಆದರೆ ಅದು ಚರ್ಚಿನವರಿಗಷ್ಟೇ ಅಲ್ಲ. ಆ ಮುನ್ಸಿಪಾಲಿಟಿಯಲ್ಲಿ ವಾಸವಿರುವ ಯಾರು ಸತ್ತರೂ, ಯಾವ ಧರ್ಮದವರಾದರೂ, ಧರ್ಮವೇ ಬೇಡ ಎನ್ನುವವರಾದರೂ ಅಲ್ಲಿ ಜಾಗ ಕೊಡಲೇಬೇಕು. ಮೊದಲ 20 ವರ್ಷ ಪುಕ್ಕಟೆ. ಆಮೇಲೆ ಮನೆಯವರು ಬಾಡಿಗೆಯಂಥ ಒಂದು ಶುಲ್ಕ ಕಟ್ಟಿ ಮುಂದುವರಿಸಬಹುದು. ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ಸಾವಾದ ಮೇಲೆ ಹತ್ತು ಕೆಲಸದ ದಿನದೊಳಗೆ ಹೂಳಬೇಕು ಅಥವಾ ಸುಡಬೇಕು. ಬೂದಿಯನ್ನು ಕಡಲಿಗೆ ಬಿಡಬೇಕೆಂದರೆ ಅದಕ್ಕೂ ಅರ್ಜಿ. ಜಿಲ್ಲೆಯಲ್ಲಿ ಕೇಂದ್ರ ಸರಕಾರದ ಪ್ರತಿನಿಧಿ ಕಚೇರಿಯಿಂದ ಅನುಮತಿ ಪತ್ರ ಬರಬೇಕು. ಬೂದಿಯನ್ನು ಪಾಲು ಮಾಡುವ ಹಾಗಿಲ್ಲ. ಸ್ವಲ್ಪ ಇಲ್ಲಿ, ಸ್ವಲ್ಪ ಗೋಕರ್ಣದಲ್ಲಿ ಎಂದರೆ ನಡೆಯುವುದಿಲ್ಲ. ನಮ್ಮವರಿಗೆ ಇದು ವಿಚಿತ್ರ ಅನಿಸುತ್ತದೆ. ಇರಲಿ. ಹೆಣ ಹೊತ್ತುಕೊಂಡು ರಸ್ತೆ ತಡೆಯಬೇಕಾದ ಗತಿ ಇಲ್ಲಿ ಯಾರಿಗೂ ಇಲ್ಲ. ನಮ್ಮ ಎಷ್ಟು ಹಳ್ಳಿಗಳಲ್ಲಿ ದಲಿತರಿಗೆ ಸ್ಮಶಾನದ ಜಾಗವೇ ಇಲ್ಲ ಎಂಬ ಸುದ್ದಿ ಈಗಲೂ ಓದುತ್ತೇವೆ.

ಎಲ್ಲರ ತೆರಿಗೆ ಒಂದೇ ಧರ್ಮಕ್ಕೆ ಯಾಕೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇಲ್ಲಿನ ಉತ್ತರ ಸರಳ. ಚರ್ಚಿಗೆ ತಲೆಗೆ ಎಷ್ಟು ಹೋಗುತ್ತದೋ ಆ ಲೆಕ್ಕದಲ್ಲೇ ಮಸೀದಿಗೂ ಹಿಂದೂ ಸಂಘಕ್ಕೂ, ದೇವರಿಲ್ಲ ಎನ್ನುವ ಮಾನವತಾವಾದಿಗಳ ಸಂಘಕ್ಕೂ ಅನುದಾನ. ಈಗಿನ ಕಾನೂನಿನ ಪ್ರಕಾರ ಕನಿಷ್ಠ 50 ಸದಸ್ಯರಿರಬೇಕು, ಲೆಕ್ಕಪತ್ರ ಕೊಡಬೇಕು.

ಹಾಗಾದರೆ ಎಲ್ಲ ಚೆನ್ನಾಗಿದೆಯಾ? ಇಲ್ಲ. ಭಾನುವಾರ ಚರ್ಚಿಗೆ ಹೋದರೆ ಬೆಂಚು ಜಾಸ್ತಿ, ಜನ ಕಡಿಮೆ. ಕಾಗದದ ಮೇಲೆ ದೇಶದ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಸದಸ್ಯರು. 2016ರಲ್ಲಿ ಆನ್‌ಲೈನಿನಲ್ಲೇ ಸದಸ್ಯತ್ವ ಬಿಡಬಹುದು ಎಂದು ವ್ಯವಸ್ಥೆ ಮಾಡಿದಾಗ ನಾಲ್ಕೇ ದಿನದಲ್ಲಿ 15,000 ಮಂದಿ ಹೊರಗೆ ಹೋದರು. ಉಳಿದವರಲ್ಲಿ ಹೆಚ್ಚಿನವರು ಬರುವುದು ನಾಮಕರಣ, ಮದುವೆ, ಸಾವು, ಮತ್ತೆ ಕ್ರಿಸ್‌ಮಸ್‌ನ ಹಿಂದಿನ ಸಂಜೆ. ಆ ಸಂಜೆ ಮಾತ್ರ ನಿಲ್ಲಲೂ ಜಾಗವಿರುವುದಿಲ್ಲ. ಪಾದ್ರಿಗಳೂ ಸಾಲದು. ಒಬ್ಬರೇ ಎರಡು ಮೂರು ಚರ್ಚು ನೋಡಿಕೊಳ್ಳುವುದರಿಂದ ದ್ವೀಪದ ಚರ್ಚುಗಳಲ್ಲಿ ಎಲ್ಲ ಭಾನುವಾರ ಪೂಜೆ ಇರುವುದಿಲ್ಲ.

ಸರಕಾರವೇ ಎಲ್ಲ ನೋಡಿಕೊಂಡರೆ ಜನ ನೋಡುವವರಷ್ಟೇ ಆಗುತ್ತಾರೆ. ನನ್ನ ಅನುಮಾನ ಇದು. ಇದಕ್ಕೆ ಸಾಕ್ಷಿಯೂ ಈ ಕರಾವಳಿಯಲ್ಲೇ ಇದೆ. 19ನೇ ಶತಮಾನದಲ್ಲಿ ಇಲ್ಲಿನ ರೈತರು, ಮೀನುಗಾರರು ಪಾದ್ರಿಯ ಒಣ ಪ್ರವಚನ ಸಾಕೆಂದು ತಾವೇ ಸೇರಿ ಪ್ರಾರ್ಥನೆ ಶುರು ಮಾಡಿದರು. ಅದಕ್ಕೆ ಮೊದಲು ಪಾದ್ರಿಯ ಒಪ್ಪಿಗೆ ಇಲ್ಲದೆ ಪ್ರಾರ್ಥನಾ ಕೂಟ ನಡೆಸುವುದೇ ಅಪರಾಧವಾಗಿತ್ತು. 1741ರ ಆ ಕಟ್ಟಳೆ ರದ್ದಾಗಿದ್ದು 1842ರಲ್ಲಿ. ಆಮೇಲೆ ಊರೂರಿಗೆ ಪ್ರಾರ್ಥನಾ ಮನೆಗಳು ಎದ್ದವು. ಬೇದೆಹೂಸ್ ಎನ್ನುತ್ತಾರೆ. ಗೋಪುರವಿಲ್ಲ, ಪಾದ್ರಿಯಿಲ್ಲ, ಸರಕಾರದ ದುಡ್ಡಿಲ್ಲ. ಹೆಂಗಸರು ಹೆಣೆದ ಕಾಲುಚೀಲ ಹರಾಜು ಹಾಕಿ ಕಟ್ಟಿದವು. ನಮ್ಮ ಮೊಗವೀರರ ಭಜನಾ ಮಂದಿರಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಕಡಲ ತೀರದ ಜನ ತಮ್ಮ ಕೈಯಿಂದಲೇ ಕಟ್ಟಿಕೊಂಡ ಜಾಗ ಅವು. ವಿಚಿತ್ರ ಏನೆಂದರೆ ಈ ಪ್ರಾರ್ಥನಾ ಮನೆಯವರು ಚರ್ಚನ್ನು ಬಿಟ್ಟು ಹೋಗಲಿಲ್ಲ. ಸದಸ್ಯರಾಗಿಯೇ ಉಳಿದು ಒಳಗಿನಿಂದ ಕುಟುಕುತ್ತಿದ್ದರು. ಮಡಿವಂತಿಕೆ ಅವರಲ್ಲೇ ಜಾಸ್ತಿ ಎನ್ನುವುದೂ ನಿಜ. ಈಗ ಎಷ್ಟೋ ಪ್ರಾರ್ಥನಾ ಮನೆಗಳು ಮಾರಾಟವಾಗಿ ಯಾರದೋ ವಾಸದ ಮನೆಗಳಾಗಿವೆ.

ನಮ್ಮ ಕಡೆ ಒಂದು ಬ್ರಹ್ಮಕಲಶ ಎಂದರೆ ಊರಿಗೆ ಊರೇ ಕರಸೇವೆಗೆ ಇಳಿಯುತ್ತದೆ. ಮುಂಬಯಿಯಿಂದ, ದುಬೈಯಿಂದ ದುಡ್ಡು ಬರುತ್ತದೆ. ಆ ಬಿಸಿ ಇಲ್ಲಿಲ್ಲ. ಅದನ್ನು ಕಳೆದುಕೊಂಡು ನಾರ್ವೆಯ ಹಾಗೆ ಆಗೋಣ ಎಂದು ನಾನು ಹೇಳಲಾರೆ. ಆದರೆ ಆ ದುಡ್ಡಿನ ಲೆಕ್ಕ ಯಾರು ಕೇಳಬೇಕು? 1997ರ ಕಾಯ್ದೆಯ ಪ್ರಕಾರ ಮುಜರಾಯಿ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿ ಅರ್ಚಕರು, ಹೆಂಗಸರು, ಪರಿಶಿಷ್ಟರು ಸೇರಿ ಒಂಬತ್ತು ಮಂದಿ. ಒಳ್ಳೆಯದೇ. ಆದರೆ ಅವರನ್ನು ಆರಿಸುವುದು ಸರಕಾರ ನೇಮಿಸುವ ಧಾರ್ಮಿಕ ಪರಿಷತ್ತು, ಊರಿನವರಲ್ಲ. ಸರಕಾರ ಬದಲಾದರೆ ಸಮಿತಿಯ ಮುಖಗಳೂ ಬದಲಾಗುತ್ತವೆ ಎಂದು ಜನ ಆಡಿಕೊಳ್ಳುವುದು ಸುಮ್ನೆ ಅಲ್ಲ. ಖಾಸಗಿ ದೇವಸ್ಥಾನಗಳಲ್ಲಿ ಅದೂ ಇಲ್ಲ, ಮನೆತನದ ಮಾತೇ ಕೊನೆ. ಪಂಚಾಯತ್ ಚುನಾವಣೆಯ ದಿನವೇ ಇನ್ನೊಂದು ಪೆಟ್ಟಿಗೆ ಇಟ್ಟು, ಊರಿನ ಭಕ್ತರೆಲ್ಲ, ಜಾತಿ ನೋಡದೆ, ಗಂಡು ಹೆಣ್ಣು ಎನ್ನದೆ ದೇವಸ್ಥಾನದ ಸಮಿತಿಗೆ ಓಟು ಹಾಕಿದರೆ ಏನು ತಪ್ಪು? ಪೂಜೆಯ ವಿಧಿ ಆಗಮ ಬಲ್ಲವರಿಗೆ ಇರಲಿ. ಬೀಗದ ಕೈ, ರಶೀದಿ ಪುಸ್ತಕ ಊರಿನವರ ಕೈಗೆ ಬರಲಿ.

ಇದನ್ನು ಗುಂಪಿನಲ್ಲಿ ಬರೆದಾಗ ನಮ್ಮ ದೊಡ್ಡಪ್ಪ ಫೋನ್ ಮಾಡಿದರು. "ಮಗಾ, ಓಟು ಬಂದರೆ ಪಾರ್ಟಿ ಬರ್ತದೆ. ಪಾರ್ಟಿ ಬಂದರೆ ಬಿರಿಯಾನಿ ಬರ್ತದೆ. ಆಮೇಲೆ ದೇವರು ಎಲ್ಲಿ?" ಎಂದರು. ಇಲ್ಲಿ ಪ್ಯಾರಿಷ್ ಮಟ್ಟದಲ್ಲಿ ಸಾಮಾನ್ಯವಾಗಿ ಪಾರ್ಟಿ ಇರುವುದಿಲ್ಲ, ಒಂದೇ ಪಟ್ಟಿಯಲ್ಲಿ ಊರಿನವರ ಹೆಸರಿರುತ್ತದೆ, ಬೇಕಾದವರಿಗೆ ಗುರುತು ಹಾಕುತ್ತಾರೆ ಎಂದು ಹೇಳಿದೆ. ಬಿಷಪ್ ಪ್ರಾಂತದ ಮಟ್ಟಕ್ಕೆ ಹೋದರೆ ಮಾತ್ರ ಬಣಗಳಿವೆ ಎಂದೂ ಹೇಳಬೇಕಾಯಿತು. ಸಲಿಂಗ ಜೋಡಿಗಳಿಗೆ ಚರ್ಚಿನಲ್ಲಿ ಮದುವೆ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಪಟ್ಟಿಗಳೇ ಎದ್ದು ನಿಂತವು. 2017ರಿಂದ ಅಂಥ ಮದುವೆಗೆ ಅವಕಾಶವಿದೆ, ಒಪ್ಪದ ಪಾದ್ರಿಗೆ ತಾನು ಮಾಡಲ್ಲ ಎನ್ನುವ ಹಕ್ಕೂ ಇದೆ. ಓಟು ಎಷ್ಟು ಬೀಳುತ್ತದೆ ಎಂದು ದೊಡ್ಡಪ್ಪ ಕೇಳಿದರು. ಈಚಿನ ಚುನಾವಣೆಗಳಲ್ಲಿ ನೂರರಲ್ಲಿ ಇಪ್ಪತ್ತೂ ಮುಟ್ಟಿಲ್ಲ ಎಂದೆ. "ನಮ್ಮಲ್ಲಿ ತೊಂಬತ್ತು ಬೀಳ್ತದೆ, ಅದೇ ಹೆದರಿಕೆ" ಎಂದರು. ಅವರ ಹೆದರಿಕೆಯಲ್ಲಿ ಹುರುಳಿದೆ. ಆದರೂ ಆ ತೊಂಬತ್ತು ಮಂದಿಯನ್ನು ಈಗಿನ ಹಾಗೆ ಹೊರಗೆ ನಿಲ್ಲಿಸಿ ಲೆಕ್ಕ ಬರೆಯುವುದಕ್ಕಿಂತ ಒಳಗೆ ಕರೆದು ಜಗಳವಾಡುವುದು ಮೇಲು ಎಂಬುದು ನನ್ನ ಪಕ್ಷ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ.